ಒಂದು ಹೂವಿಗೆ ಸಾವಿರ ಜೀವ

ಅಮೆರಿಕದ ನಡುಭಾಗದಲ್ಲಿ ಮಿಸ್ಸೂರಿ ಮತ್ತು ಕಾನ್ಸಾಸ್ ನದಿಗಳು ಕೂಡುವ ಕಡೆ ಕಾನ್ಸಾಸ್ ಸಿಟಿ ಎಂಬ ನಗರವಿದೆ. ಹೆಸರಿನಲ್ಲಿ ಕಾನ್ಸಾಸ್ ಇದ್ದರೂ ಈ ನಗರ ಇರುವುದು ಮಿಸ್ಸೂರಿ ರಾಜ್ಯದಲ್ಲಿ. ದನದ ಸಂತೆ, ಮಾಂಸದ ಕಾರ್ಖಾನೆ, ಧಾನ್ಯದ ವ್ಯಾಪಾರ, ರೈಲು ಮಾರ್ಗಗಳಿಂದ ಬೆಳೆದ ಊರು ಇದು. ಮೊದಲನೆಯ ಮಹಾಯುದ್ಧ ನಡೆದ ಯುರೋಪಿನ ರಣರಂಗಕ್ಕೂ ಇದಕ್ಕೂ ನಡುವೆ ಅರ್ಧ ಖಂಡವಿದೆ, ಜೊತೆಗೆ ಒಂದು ಮಹಾಸಾಗರವಿದೆ. ಆದರೂ ಆ ಯುದ್ಧದ ನೆನಪಿಗಾಗಿ ಅಮೆರಿಕದಲ್ಲಿ ಎದ್ದ ಮಹತ್ವದ ಸ್ಮಾರಕ ರಾಜಧಾನಿ ವಾಷಿಂಗ್ಟನ್ನಿನದಲ್ಲ. ಈ ವ್ಯಾಪಾರಿ ಊರಿನ ಗುಡ್ಡದ ಮೇಲೆ 1926ರಲ್ಲಿ ಉದ್ಘಾಟನೆಯಾದ ‘ಲಿಬರ್ಟಿ ಮೆಮೋರಿಯಲ್’. ವಾಷಿಂಗ್ಟನ್ನಿನಲ್ಲಿ ಆ ಯುದ್ಧಕ್ಕೊಂದು ರಾಷ್ಟ್ರೀಯ ಸ್ಮಾರಕ ಜನರಿಗೆ ತೆರೆದದ್ದು 2021ರಲ್ಲಿ.

ಸ್ಮಾರಕ ಎಂದರೆ ನೆನಪು ಮಾಡಿಕೊಡುವಂಥದು ಎಂದು ಅರ್ಥ. ಕಲ್ಲು ಒಮ್ಮೆ ನಿಂತಿತೆಂದರೆ ಮುಂದಿನ ಕೆಲಸವನ್ನು ಅದೇ ನೋಡಿಕೊಳ್ಳುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಕಾನ್ಸಾಸ್ ಸಿಟಿಯ ಸ್ಮಾರಕದ ಕಥೆ ಈ ನಂಬಿಕೆಯನ್ನು ಅಲ್ಲಗಳೆಯುತ್ತದೆ. ಅಲ್ಲಿಯ ಜನ ಒಮ್ಮೆ ಹಣ ಕೂಡಿಸಿ ಸ್ಮಾರಕ ಕಟ್ಟಿದರು. ಮುಕ್ಕಾಲು ಶತಮಾನದೊಳಗೆ ಅದು ಶಿಥಿಲವಾಗಿ ಬಾಗಿಲು ಹಾಕಬೇಕಾಯಿತು. ಸತ್ತವರನ್ನು ಕಣ್ಣಾರೆ ಕಂಡಿದ್ದವರು ಬಹುಮಟ್ಟಿಗೆ ಇಲ್ಲವಾದ ಆ ಹೊತ್ತಿನಲ್ಲಿ, ಇದು ಇನ್ನೂ ಬೇಕೇ ಬೇಡವೇ ಎಂದು ಅವರ ಮೊಮ್ಮಕ್ಕಳು ತೀರ್ಮಾನಿಸಬೇಕಾಗಿ ಬಂತು.

ಹತ್ತು ದಿನದ ವಂತಿಗೆ

ಯುರೋಪಿನಲ್ಲಿ ಯುದ್ಧ ಆರಂಭವಾದದ್ದು 1914ರಲ್ಲಿ. ಅಮೆರಿಕ ಅದಕ್ಕೆ ಇಳಿದದ್ದು 1917ರ ಏಪ್ರಿಲ್‌ನಲ್ಲಿ. 1918ರ ನವೆಂಬರ್ 11ರಂದು ಬೆಳಿಗ್ಗೆ 11 ಗಂಟೆಗೆ ಫಿರಂಗಿಗಳು ಸದ್ದಡಗಿಸಿದಾಗ ಅಮೆರಿಕ ಕಳೆದುಕೊಂಡಿದ್ದ ಸೈನಿಕರ ಸಂಖ್ಯೆ ಒಂದು ಲಕ್ಷ ಮೀರಿತ್ತು. ಅಂತಿಮ ಲೆಕ್ಕ 1,16,516. ಇವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸತ್ತದ್ದು ಗುಂಡೇಟಿನಿಂದಲ್ಲ. ಆ ವರ್ಷ ಜಗತ್ತನ್ನೇ ಹಿಡಿದಿದ್ದ ಇನ್‌ಫ್ಲುಯೆಂಜಾ ಮತ್ತಿತರ ಕಾಯಿಲೆಗಳು ಅವರನ್ನು ಬಲಿ ತೆಗೆದುಕೊಂಡಿದ್ದವು. ಕಾನ್ಸಾಸ್ ಸಿಟಿ ಕಳೆದುಕೊಂಡದ್ದು ತನ್ನ 441 ಮಂದಿಯನ್ನು.

ಸ್ಮಾರಕ ಬೇಕೆಂಬ ಮಾತು ಯುದ್ಧ ನಿಂತ ಕೆಲವೇ ವಾರಗಳಲ್ಲಿ ಊರಿನಲ್ಲಿ ಹುಟ್ಟಿಕೊಂಡಿತು. ಆರ್. ಎ. ಲಾಂಗ್ ಎಂಬ ಮರಮುಟ್ಟಿನ ದೊಡ್ಡ ವ್ಯಾಪಾರಿಯ ನೇತೃತ್ವದಲ್ಲಿ ಒಂದು ಸಂಘ ರಚನೆಯಾಯಿತು. 1919ರಲ್ಲಿ ಈ ಸಂಘ ವಂತಿಗೆ ಎತ್ತಲು ಹೊರಟಾಗ ಸುಮಾರು ಹತ್ತು ದಿನಗಳಲ್ಲಿ 25 ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿತು. ಕೊಟ್ಟವರು ಸುಮಾರು 83,000 ಮಂದಿ. 1920ರ ಜನಗಣತಿಯಂತೆ ನಗರದ ಜನಸಂಖ್ಯೆ 3,24,410. ಎಂದರೆ ಸರಿಸುಮಾರು ನಾಲ್ವರಲ್ಲಿ ಒಬ್ಬರು ಕೈಯಿಂದ ಹಣ ಬಿಚ್ಚಿದ್ದರು. ಕೆಲವೇ ಶ್ರೀಮಂತರ ದಾನದಿಂದ ಇಂಥ ಲೆಕ್ಕ ಬರುವುದಿಲ್ಲ. ವಿಶೇಷವೆಂದರೆ, ಹಣ ಕೊಟ್ಟ ದಿನ ಸ್ಮಾರಕದ ನಕ್ಷೆ ಇನ್ನೂ ಯಾರ ಮುಂದೆಯೂ ಇರಲಿಲ್ಲ.

ನೆನಪಿಗೆ ಏನು ಕಟ್ಟಬೇಕೆಂಬ ಚರ್ಚೆ ಆಗ ಅಮೆರಿಕದಲ್ಲೆಲ್ಲ ನಡೆದಿತ್ತು. ಜನರ ಉಪಯೋಗಕ್ಕೆ ಬಾರದ ಕಲ್ಲುಕಂಬ ಏಕೆ, ಸಭಾಂಗಣವನ್ನೋ ಕ್ರೀಡಾಂಗಣವನ್ನೋ ಕಟ್ಟಿ ಅದಕ್ಕೆ ಸೈನಿಕರ ಹೆಸರಿಡೋಣ ಎಂಬುದು ಒಂದು ಪಕ್ಷದ ವಾದ. ಶಿಕಾಗೋ ನಗರದ ‘ಸೋಲ್ಜರ್ ಫೀಲ್ಡ್’ ಕ್ರೀಡಾಂಗಣ ಆ ಹೆಸರು ಪಡೆದದ್ದು ಇಂಥ ಆಲೋಚನೆಯಿಂದಲೇ. ಉಪಯೋಗದ ಕಟ್ಟಡದಲ್ಲಿ ಉಪಯೋಗ ಉಳಿದು ನೆನಪು ಅಳಿಸುತ್ತದೆ ಎಂಬುದು ಇನ್ನೊಂದು ಪಕ್ಷದ ಆತಂಕ. ಕಾನ್ಸಾಸ್ ಸಿಟಿ ಎರಡನೆಯ ಪಕ್ಷವನ್ನು ಹಿಡಿಯಿತು. 1921ರಲ್ಲಿ ಸ್ಪರ್ಧೆ ನಡೆಸಿ ನ್ಯೂಯಾರ್ಕಿನ ವಾಸ್ತುಶಿಲ್ಪಿ ಹೆರಾಲ್ಡ್ ವಾನ್ ಬ್ಯೂರೆನ್ ಮಗೊನಿಗಲ್ ಅವರ ನಕ್ಷೆಯನ್ನು ಆರಿಸಿತು. ಸ್ಥಳವೂ ಗೊತ್ತಾಯಿತು: 1914ರಲ್ಲಿ ತೆರೆದಿದ್ದ ಯೂನಿಯನ್ ಸ್ಟೇಷನ್ ಎಂಬ ದೊಡ್ಡ ರೈಲು ನಿಲ್ದಾಣದ ಎದುರಿನ ಗುಡ್ಡ. ಸೈನಿಕರು ರೈಲು ಹತ್ತಿದ್ದ ನಿಲ್ದಾಣದಿಂದ ಹೊರಬಂದವರಿಗೆ ಮೊದಲು ಕಣ್ಣಿಗೆ ಬೀಳುವ ಜಾಗ ಅದು.

ಐವರು ದಂಡನಾಯಕರು

1921ರ ನವೆಂಬರ್ 1ರಂದು ಆ ಗುಡ್ಡದಲ್ಲಿ ಸ್ಥಳ ಸಮರ್ಪಣೆಯ ಸಮಾರಂಭ ನಡೆಯಿತು. ಒಂದು ಲಕ್ಷಕ್ಕೂ ಮಿಕ್ಕ ಜನ ಸೇರಿದ್ದರು. ಫ್ರಾನ್ಸಿನ ಮಾರ್ಷಲ್ ಫೋಷ್, ಅಮೆರಿಕದ ಜನರಲ್ ಪರ್ಷಿಂಗ್, ಬ್ರಿಟನ್ನಿನ ಅಡ್ಮಿರಲ್ ಬೀಟಿ, ಇಟಲಿಯ ಜನರಲ್ ಡಿಯಾಜ್, ಬೆಲ್ಜಿಯಮ್ಮಿನ ಜನರಲ್ ಜಾಕ್ ಅಂದು ಒಂದೇ ವೇದಿಕೆಯಲ್ಲಿದ್ದರು. ಒಂದೇ ಪಕ್ಷದಲ್ಲಿ ಹೋರಾಡಿದ್ದರೂ ಮಿತ್ರರಾಷ್ಟ್ರಗಳ ಈ ಐವರು ಸೇನಾನಿಗಳು ಹೀಗೆ ಒಂದೆಡೆ ಕೂಡಿದ್ದು ಅದೇ ಮೊದಲು. ಅವರ ಕಂಚಿನ ಮುಖಶಿಲ್ಪಗಳು ಸ್ಮಾರಕದ ಉತ್ತರ ದಿಕ್ಕಿನ ಗೋಡೆಯಲ್ಲಿವೆ.

ಆ ದಿನ ಸೇನಾನಿಗಳಿಗೆ ಧ್ವಜ ಅರ್ಪಿಸಲು ಆಯ್ಕೆಯಾದ ಸ್ಥಳೀಯ ಮಾಜಿ ಸೈನಿಕರಲ್ಲಿ ಒಬ್ಬರು ಫ್ರಾನ್ಸಿನಲ್ಲಿ ಫಿರಂಗಿ ದಳದ ಕ್ಯಾಪ್ಟನ್ ಆಗಿದ್ದವರು. ಊರಿಗೆ ಮರಳಿದ ಮೇಲೆ ಪಾಲುದಾರಿಕೆಯಲ್ಲಿ ಗಂಡಸರ ಉಡುಪಿನ ಅಂಗಡಿ ಇಟ್ಟುಕೊಂಡಿದ್ದರು. ಮರುವರ್ಷ ಆ ಅಂಗಡಿ ಮುಚ್ಚಿಹೋಯಿತು, ಮಾಲೀಕರು ರಾಜಕೀಯಕ್ಕೆ ಇಳಿದರು. ಅವರ ಹೆಸರು ಹ್ಯಾರಿ ಟ್ರೂಮನ್. 24 ವರ್ಷಗಳ ನಂತರ, 1945ರಲ್ಲಿ, ಅಧ್ಯಕ್ಷರಾಗಿ ಎರಡನೆಯ ಮಹಾಯುದ್ಧವನ್ನು ಮುಗಿಸುವ ಹೊಣೆ ಅವರ ಮೇಲೆ ಬಿತ್ತು. ಹಿರೋಷಿಮಾ ಮತ್ತು ನಾಗಾಸಾಕಿಗಳ ಮೇಲೆ ಅಣುಬಾಂಬು ಬಿದ್ದದ್ದು ಅವರ ಆಡಳಿತದಲ್ಲಿ. ಯುದ್ಧಗಳಿಗೆಲ್ಲ ಇದೇ ಕೊನೆ ಎಂದು ಜನ ನಂಬಿದ್ದ ಆ ಯುದ್ಧದ ಸ್ಮಾರಕಕ್ಕೆ ನೆಲ ಸಮರ್ಪಿಸಿದ ದಿನ, ಮುಂದಿನ ಯುದ್ಧದ ಕಟ್ಟಕಡೆಯ ಆಜ್ಞೆ ಕೊಡಲಿದ್ದವರು ಅದೇ ಗುಡ್ಡದ ಮೇಲೆ ಧ್ವಜ ಹಿಡಿದಿದ್ದರು.

ಕಟ್ಟಡ ಮುಗಿದು ಉದ್ಘಾಟನೆಯಾದದ್ದು 1926ರ ನವೆಂಬರ್ 11ರಂದು, ಕದನವಿರಾಮದ ಎಂಟನೆಯ ವಾರ್ಷಿಕ ದಿನ. ಅಧ್ಯಕ್ಷ ಕ್ಯಾಲ್ವಿನ್ ಕೂಲಿಡ್ಜ್ ಉದ್ಘಾಟಿಸಿ ಮಾತನಾಡಿದರು. ಕೇಳಲು ಒಂದೂವರೆ ಲಕ್ಷ ಜನ ನೆರೆದಿದ್ದರು.

ಮುಖ ಮುಚ್ಚಿಕೊಂಡ ಸಿಂಹಗಳು

ನಿಲ್ದಾಣದ ಕಡೆಯಿಂದ ಬರುವವರಿಗೆ ಮೊದಲು ಎದುರಾಗುವುದು ಎತ್ತರದ ಕಲ್ಲುಗೋಡೆ. ಅದರ ಮೇಲೆ ಯುದ್ಧದಿಂದ ಶಾಂತಿಯ ಕಡೆಗೆ ಸಾಗುವ ಜನರ ಉಬ್ಬುಶಿಲ್ಪಗಳ ಸಾಲಿದೆ. ಎಡ್ಮಂಡ್ ಅಮಾಟೆಸ್ ಎಂಬ ಶಿಲ್ಪಿಯ ಈ ಕೆಲಸ 1935ರಲ್ಲಿ ಸೇರಿದ್ದು. ಗೋಡೆಯನ್ನು ಬಳಸಿ ಮೇಲೇರಿದರೆ ವಿಶಾಲವಾದ ಜಗಲಿ. ನಡುವೆ 217 ಅಡಿ ಎತ್ತರದ ಗೋಪುರ, ಎರಡು ಬದಿಯಲ್ಲಿ ಎರಡು ಭವನಗಳು. ಇಡೀ ಕಟ್ಟಡಕ್ಕೆ ಪ್ರಾಚೀನ ಈಜಿಪ್ಟಿನ ಕಟ್ಟಡಗಳ ಛಾಯೆ ಇದೆ.

ಗೋಪುರದ ತುದಿಯಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ರಕ್ಷಕ ಮೂರ್ತಿಗಳು ಖಡ್ಗ ಹಿಡಿದು ನಿಂತಿವೆ. ಒಂದೊಂದರ ಎತ್ತರ 40 ಅಡಿ. ಧೈರ್ಯ, ಗೌರವ, ದೇಶಪ್ರೇಮ, ತ್ಯಾಗ ಎಂದು ಅವುಗಳ ಹೆಸರು. ಕಡೆದವರು ರಾಬರ್ಟ್ ಏಟ್ಕನ್. ರಾತ್ರಿ ಈ ತುದಿಯಲ್ಲಿ ಜ್ವಾಲೆ ಉರಿಯುವುದು ಕಾಣುತ್ತದೆ. ಅದು ನಿಜವಾದ ಬೆಂಕಿಯಲ್ಲ. ಮೇಲಕ್ಕೆ ಬಿಟ್ಟ ಹಬೆಯ ಮೇಲೆ ಬಣ್ಣದ ದೀಪದ ಬೆಳಕು ಹಾಯಿಸಿದಾಗ ದೂರದಿಂದ ಉರಿಯಂತೆ ತೋರುತ್ತದೆ. ಗೋಪುರ ಒಳಗೆ ಪೊಳ್ಳಾಗಿದ್ದು, ಸ್ವಲ್ಪ ದೂರ ಲಿಫ್ಟಿನಲ್ಲಿ, ಉಳಿದದ್ದು ಮೆಟ್ಟಿಲಿನಲ್ಲಿ ಏರಿದರೆ ನಗರವೆಲ್ಲ ಕೆಳಗೆ ಹರಡಿರುವುದು ಕಾಣಿಸುತ್ತದೆ.

ಆದರೆ ನೋಡುಗರನ್ನು ಹೆಚ್ಚು ಹೊತ್ತು ನಿಲ್ಲಿಸುವುದು ಜಗಲಿಯ ಮೇಲೆ ಕುಳಿತ ಎರಡು ಕಲ್ಲಿನ ಸ್ಫಿಂಕ್ಸ್‌ಗಳು. ಸಿಂಹದ ಮೈ, ಬೆನ್ನಿಗೆ ರೆಕ್ಕೆ. ಆ ರೆಕ್ಕೆಗಳನ್ನೇ ಮುಂದೆ ತಂದು ಎರಡೂ ತಮ್ಮ ಮುಖ ಮುಚ್ಚಿಕೊಂಡಿವೆ. ಒಂದರ ಹೆಸರು ‘ನೆನಪು’. ಅದು ಪೂರ್ವಕ್ಕೆ, ಅಂದರೆ ಯುರೋಪಿನ ರಣರಂಗದ ಕಡೆಗೆ ಮುಖ ಮಾಡಿದೆ. ಅಲ್ಲಿ ನಡೆದದ್ದನ್ನು ನೋಡಲಾರದೆ ಕಣ್ಣು ಮುಚ್ಚಿದೆ. ಇನ್ನೊಂದರ ಹೆಸರು ‘ಭವಿಷ್ಯ’. ಅದು ಪಶ್ಚಿಮಕ್ಕೆ ತಿರುಗಿದೆ. ಮುಂದೆ ಏನು ಕಾದಿದೆಯೋ ತಿಳಿಯದೆ ಕಣ್ಣು ಮುಚ್ಚಿದೆ. ಗೆದ್ದ ದೇಶ ಕಟ್ಟಿಸಿದ ಸ್ಮಾರಕದಲ್ಲಿ ವಿಜಯದ ಹೆಮ್ಮೆ ಇರುವುದು ಸಹಜ. ಗೋಪುರದ ಮೇಲಿನ ಖಡ್ಗಧಾರಿಗಳಲ್ಲಿ ಆ ಹೆಮ್ಮೆ ಇದೆ. ಕೆಳಗಿನ ಈ ಎರಡು ಮೃಗಗಳಲ್ಲಿ ಮಾತ್ರ ಬೇರೊಂದು ಅಳುಕು ಕಾಣುತ್ತದೆ. ಉದ್ಘಾಟನೆಯಾಗಿ 13 ವರ್ಷ ಕಳೆಯುವುದರೊಳಗೆ, 1939ರಲ್ಲಿ, ಯುರೋಪಿನಲ್ಲಿ ಇನ್ನೊಂದು ಯುದ್ಧ ಶುರುವಾಗಿ ಆ ಅಳುಕು ನಿಜವಾಯಿತು.

ಎರಡು ಭವನಗಳಲ್ಲಿ ಪೂರ್ವದ್ದು ಸ್ಮೃತಿ ಭವನ. ಸತ್ತ 441 ನಗರವಾಸಿಗಳ ಹೆಸರುಗಳು ಇಲ್ಲಿ ಕಂಚಿನ ಫಲಕಗಳಲ್ಲಿವೆ. ಯುದ್ಧದ ಗೆಲುವಿಗೆ ರಾಜನ ಅಥವಾ ಸೇನಾಪತಿಯ ಹೆಸರು ಕೆತ್ತಿಸುವುದು ಪಾಶ್ಚಾತ್ಯ ದೇಶಗಳ ಬಹುಕಾಲದ ರೂಢಿ. ಸಾಮಾನ್ಯ ಸಿಪಾಯಿಯ ಹೆಸರನ್ನೂ ಬಿಡದೆ ಬರೆಯುವ ಪದ್ಧತಿ ಅಲ್ಲಿ ವ್ಯಾಪಕವಾದದ್ದು ಮೊದಲನೆಯ ಮಹಾಯುದ್ಧದ ಬಳಿಕ. ತುರು ಕಾಯಲು ಹೋಗಿ ಸತ್ತವನಿಗೂ ಊರ ಮುಂದೆ ವೀರಗಲ್ಲು ನೆಟ್ಟ ನಾಡಿನವರಿಗೆ ಈ ಹೆಸರುಗಳ ಸಾಲು ತೀರ ಅಪರಿಚಿತವೆನಿಸದು.

ಕತ್ತರಿಸಿದ ಚಿತ್ರ

ಸ್ಮೃತಿ ಭವನದ ಗೋಡೆಯ ಮೇಲಿರುವ ಒಂದು ವರ್ಣಚಿತ್ರದ ಕಥೆ ಗಮನಾರ್ಹವಾದದ್ದು. ಯುದ್ಧ ನಡೆಯುತ್ತಿದ್ದಾಗಲೇ ಪ್ಯಾರಿಸ್ಸಿನಲ್ಲಿ ಪಿಯೆರ್ ಕ್ಯಾರಿಯೆ-ಬೆಲ್ಯೂಸ್ ಮತ್ತು ಆಗಸ್ಟ್ ಗೋರ್ಗೆ ಎಂಬ ಕಲಾವಿದರು ಅನೇಕ ಸಹಾಯಕರನ್ನು ಕೂಡಿಸಿಕೊಂಡು ‘ಪಾಂಥೆಯೋಂ ದ ಲಾ ಗೇರ್’ ಎಂಬ ಬೃಹತ್ ಚಿತ್ರ ಬರೆದರು. ಉದ್ದ 402 ಅಡಿ, ಎತ್ತರ 45 ಅಡಿ. ವೃತ್ತಾಕಾರವಾಗಿ ನಿಲ್ಲಿಸಿ ನಡುವೆ ನಿಂತು ನೋಡುವಂಥದು. ಫ್ರಾನ್ಸ್ ಮತ್ತು ಅದರ ಮಿತ್ರರಾಷ್ಟ್ರಗಳ ಸಾವಿರಾರು ಜನರ ಆಳೆತ್ತರದ ರೂಪಗಳು ಅದರಲ್ಲಿದ್ದವು. ಕೇಂದ್ರದಲ್ಲಿದ್ದುದು, ಹೇಳಬೇಕಾಗಿಲ್ಲ, ಫ್ರಾನ್ಸ್.

1927ರಲ್ಲಿ ಈ ಚಿತ್ರ ಅಮೆರಿಕಕ್ಕೆ ಬಂತು. ಕೆಲವು ನಗರಗಳಲ್ಲಿ ಪ್ರದರ್ಶನಗೊಂಡಿತು. ಎರಡನೆಯ ಮಹಾಯುದ್ಧ ಬಂದ ಮೇಲೆ ಮೊದಲನೆಯದರ ವೀರರನ್ನು ನೋಡುವವರು ಕಡಿಮೆಯಾದರು. ಚಿತ್ರ ಬಾಲ್ಟಿಮೋರ್ ನಗರದಲ್ಲಿ ಪೆಟ್ಟಿಗೆಯೊಳಗೆ ಸುತ್ತಿಟ್ಟ ಸ್ಥಿತಿಯಲ್ಲಿ ವರ್ಷಗಟ್ಟಲೆ ಬಯಲಿನಲ್ಲಿ ಬಿದ್ದಿತ್ತು. ಹೋಟೆಲ್ ಮಾಲೀಕರೊಬ್ಬರು ಅದನ್ನು ಕೊಂಡು, 1950ರ ದಶಕದಲ್ಲಿ ಕಾನ್ಸಾಸ್ ಸಿಟಿಯ ಸ್ಮಾರಕಕ್ಕೆ ದಾನ ಮಾಡಿದರು. ಆದರೆ ಅಷ್ಟು ದೊಡ್ಡ ಚಿತ್ರ ಹಿಡಿಸುವ ಗೋಡೆ ಅಲ್ಲಿರಲಿಲ್ಲ. ಸ್ಥಳೀಯ ಕಲಾವಿದ ಡೇನಿಯಲ್ ಮ್ಯಾಕ್‌ಮಾರಿಸ್ ಚಿತ್ರವನ್ನು ಕತ್ತರಿಸಿ, ಬೇಕಾದ ಭಾಗಗಳನ್ನು ಆಯ್ದು ಹೊಸದಾಗಿ ಜೋಡಿಸಿದರು. 1959ರಲ್ಲಿ ಕೆಲಸ ಮುಗಿದಾಗ ಉಳಿದದ್ದು ಮೂಲದ ಒಂದು ಸಣ್ಣ ಅಂಶ. ಕೇಂದ್ರಕ್ಕೆ ಬಂದದ್ದು ಅಮೆರಿಕ.

ಇದನ್ನು ಕಲೆಗಾದ ಅಪಚಾರ ಎನ್ನುವವರಿದ್ದಾರೆ. ಹಾಗೆ ಮಾಡದಿದ್ದರೆ ಏನೂ ಉಳಿಯುತ್ತಿರಲಿಲ್ಲ ಎನ್ನುವವರೂ ಇದ್ದಾರೆ. ಎರಡರಲ್ಲೂ ಸತ್ಯವಿದೆ. ಪ್ಯಾರಿಸ್ಸಿನ ಕಲಾವಿದರಿಗೆ ಯುದ್ಧದ ನಡುವೆ ಫ್ರಾನ್ಸ್ ಕಂಡಿತು. ಕಾನ್ಸಾಸ್ ಸಿಟಿಯ ಕಲಾವಿದನಿಗೆ ಅಮೆರಿಕ ಕಂಡಿತು. ನೆನಪನ್ನು ಇಟ್ಟುಕೊಳ್ಳುವವರು ಅದನ್ನು ತಮ್ಮ ಗೋಡೆಯ ಅಳತೆಗೆ ಕತ್ತರಿಸಿಕೊಳ್ಳುತ್ತಾರೆ. ಯಾವುದೇ ಯುದ್ಧ ಸ್ಮಾರಕವನ್ನು ನೋಡುವಾಗ, ಅಲ್ಲಿ ಏನಿದೆ ಎನ್ನುವುದರ ಜೊತೆಗೆ ಏನು ಬಿಟ್ಟುಹೋಗಿದೆ ಎಂದೂ ಕೇಳಿಕೊಳ್ಳಬೇಕಾಗುತ್ತದೆ.

ಮುಚ್ಚಿದ ಬಾಗಿಲು

ಸಮಾರಂಭಗಳ ಗದ್ದಲ ಮುಗಿದ ಮೇಲೆ ಸ್ಮಾರಕಕ್ಕೆ ಬಿಸಿಲು, ಮಳೆ, ಹಿಮ ಇವು ಮಾತ್ರ ಜೊತೆ. ಕಟ್ಟಡದ ಆಧಾರ ಭಾಗಗಳು ಕ್ರಮೇಣ ಶಿಥಿಲವಾದವು. ಜನರ ಓಡಾಟಕ್ಕೆ ಅಪಾಯವೆಂದು 1994ರಲ್ಲಿ ಸ್ಮಾರಕವನ್ನು ಮುಚ್ಚಲಾಯಿತು. ಅಜ್ಜಂದಿರು ಹತ್ತು ದಿನದಲ್ಲಿ ಹಣ ಕೂಡಿಸಿ ಕಟ್ಟಿದ್ದ ಗೋಪುರ, ಊರಿನ ಯಾವ ಮೂಲೆಯಿಂದ ನೋಡಿದರೂ ಕಾಣುವಂತಿದ್ದೂ ಒಳಗೆ ಕಾಲಿಡಲಾಗದ ಸ್ಥಿತಿ ತಲುಪಿತು.

ಆಗ ಊರಿನ ಮುಂದೆ ಇದ್ದದ್ದು 1919ಕ್ಕಿಂತ ಕಠಿಣ ಪ್ರಶ್ನೆ. 1919ರಲ್ಲಿ ಹಣ ಕೊಟ್ಟವರಲ್ಲಿ ಮಗನನ್ನು, ಅಣ್ಣನನ್ನು, ಪಕ್ಕದ ಮನೆಯ ಹುಡುಗನನ್ನು ಕಳೆದುಕೊಂಡವರಿದ್ದರು. 1990ರ ದಶಕದ ಮತದಾರನಿಗೆ ಅಂಥ ಸಂಬಂಧವಿರಲಿಲ್ಲ. ನಡುವೆ ಎರಡನೆಯ ಮಹಾಯುದ್ಧ, ಕೊರಿಯಾ, ವಿಯೆಟ್ನಾಂ ಎಲ್ಲವೂ ಬಂದುಹೋಗಿದ್ದವು. ಆದರೂ 1998ರಲ್ಲಿ ನಗರದ ಮತದಾರರು ಸ್ಮಾರಕದ ಜೀರ್ಣೋದ್ಧಾರಕ್ಕಾಗಿ ತಮ್ಮ ಮೇಲೆ ತಾವೇ ಸೀಮಿತ ಅವಧಿಯ ಮಾರಾಟ ತೆರಿಗೆ ಹಾಕಿಕೊಳ್ಳಲು ಒಪ್ಪಿಗೆ ಕೊಟ್ಟರು. ಅಂಗಡಿಯಲ್ಲಿ ಸಾಮಾನು ಕೊಳ್ಳುವಾಗ ಕೊಟ್ಟ ಚಿಲ್ಲರೆ ಕಾಸು ಸತ್ತವರ ಗೋಪುರಕ್ಕೆ ಸಂದಿತು. 2002ರಲ್ಲಿ ಸ್ಮಾರಕದ ಬಾಗಿಲು ಮತ್ತೆ ತೆರೆಯಿತು. 2004ರಲ್ಲಿ ಅದೇ ಮತದಾರರು ಎರಡು ಕೋಟಿ ಡಾಲರ್ ಸಾಲಪತ್ರಕ್ಕೆ ಅನುಮತಿ ಕೊಟ್ಟರು. ಇದು ಜಗಲಿಯ ಕೆಳಗಿನ ಜಾಗದಲ್ಲಿ ಹೊಸ ವಸ್ತುಸಂಗ್ರಹಾಲಯ ಕಟ್ಟುವುದಕ್ಕೆ. ಖಾಸಗಿ ದೇಣಿಗೆ, ಸರ್ಕಾರದ ನೆರವು ಎಲ್ಲ ಸೇರಿ ಒಟ್ಟು ಕೆಲಸಕ್ಕೆ ತಗುಲಿದ ವೆಚ್ಚ ಸುಮಾರು 10.2 ಕೋಟಿ ಡಾಲರ್. ಅದೇ 2004ರಲ್ಲಿ ಅಮೆರಿಕದ ಸಂಸತ್ತು ಇದನ್ನು ಮೊದಲನೆಯ ಮಹಾಯುದ್ಧದ ರಾಷ್ಟ್ರೀಯ ವಸ್ತುಸಂಗ್ರಹಾಲಯವೆಂದು ಗುರುತಿಸಿತು. 2006ರ ಡಿಸೆಂಬರ್ 2ರಂದು ಸಂಗ್ರಹಾಲಯ ತೆರೆಯಿತು.

ಆ ಯುದ್ಧದಲ್ಲಿ ಸೇವೆ ಸಲ್ಲಿಸಿದ ಕೊನೆಯ ಅಮೆರಿಕನ್ ಸೈನಿಕ, ಮಿಸ್ಸೂರಿಯಲ್ಲೇ ಹುಟ್ಟಿದ ಫ್ರಾಂಕ್ ಬಕಲ್ಸ್, 2011ರ ಫೆಬ್ರುವರಿಯಲ್ಲಿ ತಮ್ಮ 110ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ದೇಶದಲ್ಲಿ ‘ನಾನು ಅಲ್ಲಿದ್ದೆ’ ಎಂದು ಹೇಳಬಲ್ಲವರು ಅಂದಿಗೆ ಯಾರೂ ಉಳಿಯಲಿಲ್ಲ. ಇನ್ನು ಹೇಳಬೇಕಾದ್ದನ್ನೆಲ್ಲ ವಸ್ತುಗಳೇ ಹೇಳಬೇಕು.

ಗಸಗಸೆಯ ನೆಂಟ

ಸಂಗ್ರಹಾಲಯಕ್ಕೆ ಹೋಗುವ ದಾರಿ ಒಂದು ಗಾಜಿನ ಸೇತುವೆ. ಕಾಲ ಕೆಳಗೆ ಕೆಂಪು ಹೂವಿನ ಹೊಲ. ಇವು ಪಾಪಿ ಹೂಗಳು, ನಮ್ಮ ಅಡುಗೆಯ ಗಸಗಸೆ ಗಿಡದ ಹತ್ತಿರದ ನೆಂಟ. ಯುರೋಪಿನ ಹೊಲಗಳಲ್ಲಿ ಇದು ಕಳೆಯಾಗಿ ಬೆಳೆಯುತ್ತದೆ. ಇದರ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಮೊಳೆಯದೆ ಸುಮ್ಮನೆ ಬಿದ್ದಿರಬಲ್ಲದು. ನೆಲ ಕೆದರಿ ಬೆಳಕು ತಗುಲಿದಾಗ ಒಮ್ಮೆಲೇ ಹುಟ್ಟುತ್ತದೆ. ಫಿರಂಗಿಗಳು ಬೆಲ್ಜಿಯಂ, ಫ್ರಾನ್ಸಿನ ನೆಲವನ್ನು ಉತ್ತಂತೆ ಮಗುಚಿ ಹಾಕಿದ ಮೇಲೆ ಹೊಸ ಗೋರಿಗಳ ನಡುವೆ ಎಲ್ಲೆಲ್ಲೂ ಕೆಂಪು ಹೂ ಅರಳಿತು. 1915ರಲ್ಲಿ ಕೆನಡಾದ ಸೇನಾ ವೈದ್ಯ ಜಾನ್ ಮೆಕ್ರೇ ಬರೆದ ಕವಿತೆಯ ನಂತರ ಈ ಹೂವು ಯುದ್ಧದಲ್ಲಿ ಮಡಿದವರ ಗುರುತಾಯಿತು.

ಸೇತುವೆಯ ಕೆಳಗಿನ ಹೂಗಳ ಸಂಖ್ಯೆ 9,000. ಒಂದೊಂದು ಹೂವು ಯುದ್ಧದಲ್ಲಿ ಸತ್ತ 1,000 ಸೈನಿಕರಿಗೆ ಸಮ. ಒಟ್ಟು 90 ಲಕ್ಷ. ಲೆಕ್ಕವನ್ನು ಹೀಗೆ ಕಣ್ಣಿಗೆ ಕಾಣಿಸುವುದರಲ್ಲಿ ಒಂದು ವಿವೇಕವಿದೆ. ಮೇಲಿನ ಸ್ಮೃತಿ ಭವನದಲ್ಲಿ ಒಬ್ಬೊಬ್ಬರ ಹೆಸರನ್ನೂ ಓದಿಕೊಂಡು ಬಂದ ನೋಡುಗ ಇಲ್ಲಿ ಲೆಕ್ಕ ಹಾಕಿದರೆ, ಆ 441 ಮಂದಿ ಸೇರಿ ಅರ್ಧ ಹೂವೂ ಆಗುವುದಿಲ್ಲ. ಇಡೀ ಅಮೆರಿಕದ ಪಾಲು 116 ಹೂವು ಮತ್ತೊಂದು ಅರ್ಧ. ಉಳಿದ ಎಂಟು ಸಾವಿರದ ಎಂಟುನೂರಕ್ಕೂ ಮಿಕ್ಕ ಹೂಗಳು ಬೇರೆ ದೇಶಗಳವು. ಅವುಗಳಲ್ಲಿ ಮಿತ್ರರದೂ ಇವೆ, ಶತ್ರುಗಳದೂ ಇವೆ. ಹಸಿವು, ರೋಗ, ಗಡೀಪಾರುಗಳಿಂದ ಸತ್ತ ಲಕ್ಷಾಂತರ ನಾಗರಿಕರು ಈ ಲೆಕ್ಕಕ್ಕೆ ಸೇರಿಲ್ಲ.

ಒಳಗಿನ ಪ್ರದರ್ಶನವೂ ಇದೇ ದೃಷ್ಟಿಯಿಂದ ಸಾಗುತ್ತದೆ. ಕಥೆ ಅಮೆರಿಕ ಯುದ್ಧಕ್ಕಿಳಿದ 1917ರಿಂದ ಆರಂಭವಾಗುವುದಿಲ್ಲ. 1914ರ ಯುರೋಪು, ಅದರ ಸಾಮ್ರಾಜ್ಯಗಳು, ಪರಸ್ಪರ ಒಪ್ಪಂದಗಳು, ಜೂನ್ 28ರಂದು ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜನ ಕೊಲೆ, ಇವೆಲ್ಲ ಮೊದಲ ಭಾಗದಲ್ಲಿ ಬರುತ್ತವೆ. ಅಮೆರಿಕದ ಪಾತ್ರ ಎರಡನೆಯ ಭಾಗಕ್ಕೆ ಸೇರಿದ್ದು. ಬಂದೂಕು, ಸಮವಸ್ತ್ರ, ವಿಷಾನಿಲದ ಮುಖವಾಡ, ಕರೆಪತ್ರ, ಕಾಗದಗಳು ಎರಡೂ ಪಕ್ಷದವು ಅಕ್ಕಪಕ್ಕದಲ್ಲಿವೆ. ಸೈನಿಕರು ಕೆಸರಿನಲ್ಲಿ ತಿಂಗಳುಗಟ್ಟಲೆ ಬದುಕಿದ ಕಂದಕಗಳ ಮಾದರಿಗಳಿವೆ. ಭಾರೀ ಫಿರಂಗಿಯ ಒಂದೇ ಗುಂಡಿಗೆ ಹೊಲಮನೆಯೊಂದು ಕುಸಿದು ಆಗುವ ಹಳ್ಳದ ಮಾದರಿಯೊಳಗೆ ನೋಡುಗರು ನಿಲ್ಲಬಹುದು. ಫಿರಂಗಿ ಏಟು ತಿಂದ ಫ್ರೆಂಚ್ ರೆನೋ ಟ್ಯಾಂಕ್ ಒಂದು ತನ್ನ ಗಾಯದೊಡನೆಯೇ ನಿಂತಿದೆ. 1926ರ ಗೋಪುರ ಊರಿನ ಮಕ್ಕಳ ಶೌರ್ಯವನ್ನು ಎತ್ತಿ ಹೇಳಿತು. 80 ವರ್ಷಗಳ ನಂತರ ಅದರ ಬುಡದಲ್ಲಿ ಕಟ್ಟಿದ ಸಂಗ್ರಹಾಲಯ ಆ ಯುದ್ಧ ಏಕಾಯಿತು, ಯಾರಿಗೆ ಏನಾಯಿತು ಎಂದು ಕೇಳುತ್ತದೆ. ಮೇಲಿನದು ಕಟ್ಟಿದವರ ದುಃಖಕ್ಕೆ ಬೇಕಾಗಿತ್ತು. ಕೆಳಗಿನದು ಆ ದುಃಖ ತಟ್ಟದ ಪೀಳಿಗೆಗೆ ಬೇಕಾಗಿದೆ.

ಎಪ್ಪತ್ತನಾಲ್ಕು ಹೂವು

ಆ ಹೂವಿನ ಹೊಲದಲ್ಲಿ ಭಾರತದ ಪಾಲು ಎಷ್ಟು? ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಪರವಾಗಿ ದುಡಿದ ಭಾರತೀಯರು 13 ಲಕ್ಷಕ್ಕೂ ಹೆಚ್ಚು. ಸತ್ತವರು 74,000ಕ್ಕೂ ಹೆಚ್ಚು. ಕಾನ್ಸಾಸ್ ಸಿಟಿಯ ಲೆಕ್ಕದಲ್ಲಿ 74 ಹೂವು. ಅಮೆರಿಕದ ಸಾವುಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನಷ್ಟು ಇದು. ಅಮೆರಿಕನ್ನರು ಬರುವುದಕ್ಕೆ ಎರಡೂವರೆ ವರ್ಷ ಮೊದಲೇ, 1914ರ ಚಳಿಗಾಲದ ಹೊಸ್ತಿಲಲ್ಲಿ, ಭಾರತೀಯ ಸಿಪಾಯಿಗಳು ಫ್ರಾನ್ಸ್, ಬೆಲ್ಜಿಯಮ್ಮಿನ ಕಂದಕಗಳಲ್ಲಿದ್ದರು. ಅವರಲ್ಲಿ ದೇಹ ಸಿಕ್ಕದೆ ಹೋದ, ಗೋರಿ ಇಲ್ಲದ 4,700ಕ್ಕೂ ಹೆಚ್ಚು ಮಂದಿಯ ಹೆಸರುಗಳು ಫ್ರಾನ್ಸಿನ ನವ್ ಶಪೆಲ್‌ನಲ್ಲಿ 1927ರಲ್ಲಿ ಉದ್ಘಾಟನೆಯಾದ ಸ್ಮಾರಕದಲ್ಲಿವೆ.

ಮೈಸೂರು ಸಂಸ್ಥಾನಕ್ಕೂ ಈ ಯುದ್ಧದ ನಂಟಿದೆ. ಯುದ್ಧ ಆರಂಭವಾದ ವರ್ಷವೇ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಯುದ್ಧವೆಚ್ಚಕ್ಕಾಗಿ 50 ಲಕ್ಷ ರೂಪಾಯಿ ಕೊಟ್ಟಿತು. ಮೈಸೂರು ಲ್ಯಾನ್ಸರ್ಸ್ ಎಂಬ ಅಶ್ವದಳ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆಯ ರಕ್ಷಣೆಯಲ್ಲಿ, ಬಳಿಕ ಪ್ಯಾಲೆಸ್ತೀನಿನ ಕಾಳಗಗಳಲ್ಲಿ ಭಾಗವಹಿಸಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಅಶ್ವದಳದೊಂದಿಗೆ ಸೇರಿ ಹೈಫಾ ಪಟ್ಟಣವನ್ನು ವಶಪಡಿಸಿಕೊಂಡಿತು. ಎದುರಾಳಿಗಳ ಬಳಿ ಮೆಷಿನ್‌ಗನ್ನುಗಳಿದ್ದವು, ಫಿರಂಗಿಗಳಿದ್ದವು. ಇವರದು ಕುದುರೆ ಮತ್ತು ಭರ್ಜಿ. ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟವನ್ನು ಹತ್ತಿ ಮೇಲಿನ ಫಿರಂಗಿಗಳ ಮೇಲೆ ಬಿದ್ದಿತು. ಭಾರತೀಯ ಸೇನೆ ಇಂದಿಗೂ ಆ ದಿನವನ್ನು ಹೈಫಾ ದಿನವೆಂದು ಆಚರಿಸುತ್ತದೆ.

ಈ ಸಾವುಗಳಿಗೂ ಸ್ಮಾರಕಗಳು ಬಂದವು. ಕಾನ್ಸಾಸ್ ಸಿಟಿಯಲ್ಲಿ ಐವರು ಸೇನಾನಿಗಳು ಕೂಡಿದ 1921ರಲ್ಲೇ, ಫೆಬ್ರುವರಿ ತಿಂಗಳಲ್ಲಿ, ದೆಹಲಿಯ ಇಂಡಿಯಾ ಗೇಟಿಗೆ ಅಡಿಗಲ್ಲು ಬಿತ್ತು, 1931ರಲ್ಲಿ ಉದ್ಘಾಟನೆಯಾಯಿತು. ಹೈದರಾಬಾದ್, ಮೈಸೂರು, ಜೋಧಪುರ ಅಶ್ವದಳಗಳ ನೆನಪಿಗೆ ಮೂರು ಕಂಚಿನ ಯೋಧರ ಪ್ರತಿಮೆಗಳು ದೆಹಲಿಯಲ್ಲಿ ನಿಂತವು. ಆ ವೃತ್ತಕ್ಕೆ ತೀನ್ ಮೂರ್ತಿ ಎಂಬ ಹೆಸರು ಬಂದದ್ದು ಅವುಗಳಿಂದಲೇ. 2018ರಲ್ಲಿ ಅದರ ಜೊತೆಗೆ ಹೈಫಾ ಹೆಸರೂ ಸೇರಿತು. ಬೆಂಗಳೂರಿನ ಜೆ. ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ದಳದಲ್ಲಿ ಮಡಿದವರ ಹೆಸರು ಹೊತ್ತ ಕಲ್ಲಿನ ಸ್ತಂಭವಿದೆ.

ಆದರೆ ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ. ಇಂಡಿಯಾ ಗೇಟನ್ನು ಕಟ್ಟಿದ್ದು ಸಾಮ್ರಾಜ್ಯ, ತನಗಾಗಿ ಸತ್ತವರಿಗೆ. ಅದಕ್ಕೆ ಊರೂರಿನ ಜನ ಸೇರಿ ವಂತಿಗೆ ಎತ್ತಿದ್ದಲ್ಲ. ಸ್ವಾತಂತ್ರ್ಯ ಬಂದ ಮೇಲೆ ಆ ಸಿಪಾಯಿಗಳು ಯಾರವರು ಎಂಬ ಪ್ರಶ್ನೆ ಉಳಿಯಿತು. ಪರರ ಯುದ್ಧದಲ್ಲಿ ಸತ್ತವರೆಂದು ದೇಶದ ಇತಿಹಾಸ ಅವರನ್ನು ಬದಿಗಿಟ್ಟಿತು. ಅವರ ಮನೆಗಳಲ್ಲಿ ಮಾತ್ರ ಸಾವು ಪರರದಾಗಿರಲಿಲ್ಲ. ಯುದ್ಧಕ್ಕೆ ನೂರು ವರ್ಷ ತುಂಬಿದ 2014ರಿಂದ 2018ರ ಅವಧಿಯಲ್ಲಿ ಅವರ ಪತ್ರಗಳು, ದಾಖಲೆಗಳು, ಹೆಸರುಗಳನ್ನು ಹುಡುಕಿ ಓದುವ ಕೆಲಸ ಹೆಚ್ಚಿತು.

ಕಾನ್ಸಾಸ್ ಸಿಟಿ 1919ರಲ್ಲಿ ವಂತಿಗೆಯಾಗಿ, 1998ರಲ್ಲಿ ತೆರಿಗೆಯಾಗಿ, 2004ರಲ್ಲಿ ಸಾಲವಾಗಿ, ಮೂರು ಬಾರಿ ತನ್ನ ನೆನಪಿಗೆ ಹಣ ತೆತ್ತಿತು. ಅದರ ಫಲವಾಗಿ ಅರ್ಧ ಹೂವಿಗೂ ಸಾಲದಷ್ಟು ಸತ್ತವರಿದ್ದ ಊರಿನಲ್ಲಿ ಇಂದು 9,000 ಹೂಗಳಿವೆ. ಅವುಗಳಲ್ಲಿ ನಮ್ಮ 74 ಸೇರಿವೆ. ಸೇತುವೆಯ ಮೇಲೆ ನಿಂತವರಿಗೆ ಎಲ್ಲ ಹೂಗಳೂ ಒಂದೇ ತೆರ, ಅವುಗಳಿಗೆ ಹೆಸರಿಲ್ಲ. ಮೈಸೂರಿನಿಂದ ಕುದುರೆ ಏರಿ ಹೋಗಿ ಮರಳದವರ ಹೆಸರು ಬೇಕಾದವರು ಜೆ. ಸಿ. ನಗರದ ಸ್ತಂಭದ ಮುಂದೆಯೇ ನಿಂತು ಓದಬೇಕು.